ನೆರಳಿನ ಕೈತೋಟಕ್ಕೆ ಬಿಸಿಲಿನ ಗಿಡ ಬೇಡ

ಮಾನ್ಯ ಸಂಪಾದಕರೇ,

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಹೆಂಚಿನ ಮನೆಗಳ ಜಾಗದಲ್ಲಿ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು ಏಳುತ್ತಿದ್ದು, ಅಕ್ಕಪಕ್ಕದ ಕೈತೋಟಗಳು ಒಂದೊಂದಾಗಿ ನೆರಳಿಗೆ ಬೀಳುತ್ತಿವೆ. ನಮ್ಮ ಮನೆಯ ದಕ್ಷಿಣ ಬದಿಯ ತೋಟವೂ ಹೀಗೆಯೇ ಬಿಸಿಲು ಕಳೆದುಕೊಂಡಿತು. ಅತ್ತೆಯವರು ನೆಟ್ಟು ಬೆಳೆಸಿದ್ದ ಗುಲಾಬಿಗಳು ಒಂದೇ ವರ್ಷದಲ್ಲಿ ಮೊಗ್ಗು ಬಿಡುವುದನ್ನು ನಿಲ್ಲಿಸಿದವು. ದಾಸವಾಳ ಸಣಕಲಾಗಿ ಉದ್ದಕ್ಕೆ ಬೆಳೆದು ಹಿಟ್ಟುತಿಗಣೆಗೆ ತುತ್ತಾಯಿತು. ಕ್ರೋಟನ್ ಎಲೆಗಳ ಕೆಂಪು, ಹಳದಿಗಳೆಲ್ಲ ಅಳಿದು ಬರಿಯ ಹಸಿರು ಉಳಿಯಿತು. ನರ್ಸರಿಯೊಂದಕ್ಕೆ ಹೋಗಿ ನಮ್ಮದು ನೆರಳಿನ ಜಾಗವೆಂದು ತಿಳಿಸಿದರೂ ಹೂ ತುಂಬಿದ್ದ ಗುಲಾಬಿ ಗಿಡಗಳನ್ನೇ ಕೊಟ್ಟರು. ಅವು ಒಣಗಿದ ಮೇಲೆ ಮರುವರ್ಷವೂ ಅದನ್ನೇ ಕೊಟ್ಟರು.

ನೆರಳೆಲ್ಲ ಒಂದೇ ಬಗೆಯದಲ್ಲ ಎಂಬುದು ನನಗೆ ತಿಳಿದದ್ದು ತಡವಾಗಿ. ನಮ್ಮ ಊರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಕೊಂಚ ಉತ್ತರಕ್ಕೆ ಇರುವುದರಿಂದ ದಕ್ಷಿಣದ ಕಟ್ಟಡದ ನೆರಳು ಆ ಹೊತ್ತಿನಲ್ಲಿ ನಮ್ಮತ್ತ ಬೀಳುವುದಿಲ್ಲ. ಡಿಸೆಂಬರಿನಲ್ಲಾದರೋ 30 ಅಡಿ ಎತ್ತರದ ಗೋಡೆಯ ನೆರಳು ನಡುಹಗಲಿನಲ್ಲಿಯೂ 20 ಅಡಿಗಿಂತ ಆಚೆಗೆ ಚಾಚುತ್ತದೆ. ಮೇ ತಿಂಗಳ ಬಿಸಿಲನ್ನು ನಂಬಿ ನೆಟ್ಟ ಗಿಡ ಚಳಿಗಾಲದಲ್ಲಿ ಸೊರಗುವುದು ಇದರಿಂದಲೇ. ಮರದ ಕೆಳಗಿನ ನೆರಳಿನದು ಇನ್ನೊಂದು ಪಾಡು: ಅಲ್ಲಿ ಎಲೆಗಳ ನಡುವೆ ಚುಕ್ಕಿಬಿಸಿಲು ಇಳಿಯುತ್ತದೆ, ಆದರೆ ಮಣ್ಣಿನ ನೀರನ್ನೆಲ್ಲ ಮರದ ಬೇರುಗಳೇ ಹೀರುತ್ತವೆ. ಆದ್ದರಿಂದ ಇದ್ದ ಗಿಡವನ್ನು ಕೀಳುವ ಮೊದಲು ಒಂದು ವರ್ಷವಾದರೂ ಬಿಸಿಲು ಎಲ್ಲಿ, ಎಷ್ಟು ಹೊತ್ತು ನಿಲ್ಲುತ್ತದೆಂದು ಗಮನಿಸುವುದು ಒಳ್ಳೆಯದು. ಹೂ ಬಿಡಲಿಲ್ಲವೆಂದು ಗೊಬ್ಬರ ಸುರಿಯುವುದಂತೂ ಕೂಡದು. ಬೆಳಕು ಸಾಲದ ಕಡೆ ಅದು ಎಳೆ ಸೊಪ್ಪನ್ನು ಹೆಚ್ಚಿಸಿ ಹುಳುಗಳಿಗೆ ಆಹಾರ ಒದಗಿಸುತ್ತದೆ, ಅಷ್ಟೇ.

ನಮ್ಮಲ್ಲಿ ಈಗ ಗುಲಾಬಿಯ ಜಾಗದಲ್ಲಿ ನಂದಿಬಟ್ಟಲಿದೆ. ಬೆಳಗಿನ ಎರಡು ಮೂರು ಗಂಟೆಯ ಬಿಸಿಲು ಸಿಗುವಲ್ಲಿ ಕನಕಾಂಬರ ಮತ್ತು ಸ್ಫಟಿಕ ಹೂ ಬಿಡುತ್ತಿವೆ. ನೇರಳೆಯಾಗಿ ಅರಳಿ ಎರಡು ಮೂರು ದಿನಗಳಲ್ಲಿ ಬೆಳ್ಳಗಾಗುವ ಬ್ರನ್‌ಫೆಲ್ಸಿಯಾ ಕೂಡ ಅರೆನೆರಳಿಗೆ ಚೆನ್ನಾಗಿ ಒಗ್ಗಿದೆ. ಆದರೆ ಅದು ನಾಯಿಗಳಿಗೆ ವಿಷವಾದ್ದರಿಂದ ನಾಯಿ ಸಾಕಿದವರು ನೆಡಬಾರದು. ಹಳೆಯ ದಾಸವಾಳವನ್ನು ಕೀಳುವ ಮುನ್ನ ಪೆನ್ಸಿಲ್ ಗಾತ್ರದ ಕಡ್ಡಿಗಳನ್ನು ಕತ್ತರಿಸಿ ಚಿಗುರಿಸಿಕೊಂಡೆವು. ಅತ್ತೆಯವರ ಆ ಗಿಡವೇ ಇಂದು ತಾರಸಿಯ ಡ್ರಮ್ಮಿನಲ್ಲಿ ದಿನವೂ ಹೂ ಕೊಡುತ್ತಿದೆ. ಹೊಸ ಗಿಡಕ್ಕೆ ಒಂದೂವರೆ ಅಡಿ ಗುಂಡಿ ತೋಡಿ, ಹಳೆಯ ಬೇರುಗಳನ್ನು ಆರಿಸಿ ತೆಗೆದು, ಹೊಸ ಮಣ್ಣಿನ ಜೊತೆ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮುಂಗಾರು ಹಿಡಿದ ಮೇಲೆ ನೆಟ್ಟೆವು. ಗೋಡೆಯ ನೆರಳಿನಲ್ಲಿ ಮಣ್ಣು ಬೇಗ ಆರುವುದಿಲ್ಲ; ಬೆರಳಿಟ್ಟು ನೋಡದೆ ದಿನವೂ ನೀರು ಹಾಕಿದ್ದರಿಂದ ಎರಡು ಕನಕಾಂಬರಗಳು ಬೇರು ಕೊಳೆತು ಹೋದವು.

ಗಿಡ ಮಾರುವವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಗಿಡದ ಚೀಲಕ್ಕೂ ಅದರ ಹೆಸರಿನೊಡನೆ, ದಿನಕ್ಕೆ ಎಷ್ಟು ಗಂಟೆಯ ಬಿಸಿಲು ಬೇಕೆಂಬುದನ್ನು ಕನ್ನಡದಲ್ಲಿ ಬರೆದ ಚೀಟಿ ಅಂಟಿಸಬೇಕು. ತೋಟಗಾರಿಕೆ ಇಲಾಖೆಯು ತನ್ನ ಸಸ್ಯಕ್ಷೇತ್ರಗಳಲ್ಲಿ ಇದನ್ನು ಮೊದಲು ಜಾರಿಗೆ ತಂದರೆ ಖಾಸಗಿಯವರೂ ಅನುಸರಿಸಿಯಾರು. ಕುಪ್ಪಣ್ಣ ಉದ್ಯಾನದ ದಸರಾ ಫಲಪುಷ್ಪ ಪ್ರದರ್ಶನದಲ್ಲಿ ಹೂಗಳಿಂದ ಕಟ್ಟಿದ ಆಕೃತಿಗಳನ್ನು ನೋಡಲು ಅಷ್ಟೊಂದು ಜನ ಸೇರುತ್ತಾರೆ. ಅಲ್ಲಿಯೇ ಒಂದು ಮೂಲೆಯಲ್ಲಿ ನಿಜವಾದ ನೆರಳಿನಲ್ಲಿ ವರ್ಷವಿಡೀ ಬೆಳೆಸಿದ ಪೊದೆಗಿಡಗಳನ್ನು ಹೆಸರು ಸಹಿತ ಇಡಬೇಕೆಂದು ಇಲಾಖೆಯನ್ನು ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗರಲ್ಲೊಬ್ಬಳು,
ಮೈಸೂರು