ತಂಗಡಿ ಹದದ ಮೊದಲ ಕಂತು ಮುಗಿಯಿತು: ಕೈ ಹಚ್ಚಿದವರಿಗೆಲ್ಲ ನಮಸ್ಕಾರ

ಹಸಿ ಚರ್ಮವನ್ನು ಕೊಳೆಯದಂತೆ ಹದ ಮಾಡುವ, ಮುಳಬಾಗಿಲು ಕಡೆಯ ನಮ್ಮ ಕೊಟ್ಟಿಗೆಯಿಂದ ಮೊದಲ ಪೂರ್ತಿ ಕಂತು ಹೊರಬಿದ್ದಿದೆ. ಮೇಕೆಯ ಹಸಿ ಚರ್ಮ ಬಂದದ್ದು, ತಂಗಡಿ ಗಿಡದ ತೊಗಟೆಯಲ್ಲಿ ಹದವಾದದ್ದು, ಕೈಚೀಲ, ಪರ್ಸು ಆಗಿ ಹೊಲಿಸಿಕೊಂಡದ್ದು ಎಲ್ಲವೂ ಕೋಲಾರ ಜಿಲ್ಲೆಯೊಳಗೇ ನಡೆದಿದೆ. ಕೊಂಡವರು ಹೊಗಳುವುದು ಚೀಲದ ಬಣ್ಣವನ್ನು, ಹೊಲಿಗೆಯನ್ನು. ಆದರೆ ಚರ್ಮದ ಒಳ್ಳೆಯದು ಕೆಟ್ಟದ್ದು ತೀರ್ಮಾನವಾಗುವುದು ಅದಕ್ಕೂ ಬಹಳ ಮೊದಲು, ಯಾರ ಕಣ್ಣಿಗೂ ಬೀಳದ ಕೈಗಳಲ್ಲಿ. ಆ ಕೈಗಳಿಗೆ ಎಲ್ಲರೆದುರು ವಂದನೆ ಹೇಳುವುದಕ್ಕೇ ಈ ಬರಹ.

ಮೊದಲ ನಮಸ್ಕಾರ ಚರ್ಮ ಸುಲಿದ ಅಣ್ಣಂದಿರಿಗೆ. ಹೊಟ್ಟೆಯ ಮಧ್ಯದಲ್ಲಿ ನೇರ ಸೀಳು ಹಾಕಿದ ಮೇಲೆ ಚಾಕುವನ್ನು ಪಕ್ಕಕ್ಕಿಟ್ಟು, ಮುಷ್ಟಿಯಿಂದ ತಳ್ಳಿ ತಳ್ಳಿ ಚರ್ಮ ಬಿಡಿಸಿದರು. ಚಾಕುವಿನಲ್ಲೇ ಸುಲಿದರೆ ಮಾಂಸದ ಬದಿಯಲ್ಲಿ ಗೀರು ಬೀಳುತ್ತದೆ. ಹಸಿಯಲ್ಲಿ ಅದು ಕಾಣುವುದೇ ಇಲ್ಲ. ಹದವಾಗಿ ಒಣಗಿದ ಮೇಲೆ ಎಳೆದರೆ ಅಲ್ಲೇ ಹರಿಯುತ್ತದೆ. ಸುಲಿದ ಮೂರು ನಾಲ್ಕು ಗಂಟೆಯೊಳಗೆ ಉಪ್ಪು ಬಿದ್ದಿರಬೇಕು, ಅದೂ ಚರ್ಮದ ತೂಕದ ಶೇ. 40ರಷ್ಟು. ಕೋಲಾರದ ಏಪ್ರಿಲ್ ಬಿಸಿಲಲ್ಲಿ ಅರ್ಧ ದಿನ ತಡವಾದರೂ ಕೊಳೆಯುವಿಕೆ ಕೂದಲಿನ ಬುಡದಿಂದ ಶುರುವಾಗುತ್ತದೆ. ಹೆಬ್ಬೆರಳಿನಿಂದ ಒತ್ತಿ ಎಳೆದರೆ ಕೂದಲು ತಾನಾಗಿ ಜಾರಿ ಬಂತೆಂದರೆ ಆ ಚರ್ಮದ ಮೇಲ್ಮೈ ಆಗಲೇ ಹೋಯಿತು, ಮುಂದೆ ಯಾವ ಹದವೂ ಅದನ್ನು ಉಳಿಸದು. ಉಪ್ಪು ಪುಡಿಯಾಗಿದ್ದರೆ ಗಡ್ಡೆಕಟ್ಟುತ್ತದೆ, ತೀರಾ ಹರಳಾಗಿದ್ದರೆ ಸಂದಿಗಳಿಗೆ ಇಳಿಯುವುದಿಲ್ಲ. ನಡುವಿನ ಕಾಳೇ ಸರಿ. ಒಮ್ಮೆ ಬಳಸಿದ ಉಪ್ಪನ್ನೇ ಮತ್ತೆ ಹಾಕಿದರೆ ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳು ಸೇರಿ ಚರ್ಮದ ಮೇಲೆ ಕೆಂಪು ಕಲೆ ಏಳುತ್ತದೆ. ಇದನ್ನೆಲ್ಲ ಹೇಳಿಸಿಕೊಳ್ಳದೆ ಮಾಡಿದ ಈ ಅಣ್ಣಂದಿರು ಇಡೀ ಕಂತಿನ ಅಡಿಪಾಯ.

ಸುಣ್ಣದ ತೊಟ್ಟಿ ನೋಡಿಕೊಂಡ ಹಿರಿಯರಿಗೆ ಎರಡನೆಯ ನಮಸ್ಕಾರ. ಉಪ್ಪು ತೊಳೆದು, ಒಂದು ದಿನ ನೆನೆಹಾಕಿ, ಕತ್ತಿನ ಭಾಗ ಮೆತ್ತಗಾದ ಮೇಲೆಯೇ ಚರ್ಮ ಸುಣ್ಣಕ್ಕೆ ಹೋಗುತ್ತದೆ. ನೆನೆದ ತೂಕದ ಶೇ. 10ರಷ್ಟು ಅರಳಿದ ಸುಣ್ಣ, ಶೇ. 2ರಷ್ಟು ಸೋಡಿಯಂ ಸಲ್ಫೈಡ್, ತೂಕದ ಮೂರು ಪಟ್ಟು ನೀರು. ಮೇಕೆ ಚರ್ಮಕ್ಕೆ ಮೂರು ನಾಲ್ಕು ದಿನ ಸಾಕು. ಒಂದು ಲೀಟರ್ ನೀರಿನಲ್ಲಿ ಕರಗುವ ಸುಣ್ಣ ಎರಡು ಗ್ರಾಮಿಗೂ ಕಡಿಮೆ, ಉಳಿದದ್ದೆಲ್ಲ ತಳದಲ್ಲಿ ಕೂರುತ್ತದೆ. ಚರ್ಮ ಸುಣ್ಣ ಹೀರಿದಂತೆ ತಳದ್ದು ಕರಗುತ್ತಾ ಬರಬೇಕು. ಬೆಳಿಗ್ಗೆ ಸಂಜೆ ತಪ್ಪದೆ ಕಲಕುವುದು ಇದಕ್ಕೇ. ಕಲಕದೆ ಬಿಟ್ಟರೆ ಕೆಳಗಿನ ಚರ್ಮ ಉಬ್ಬಿ ಮೇಲಿನದು ಹಾಗೇ ಉಳಿಯುತ್ತದೆ. ಸುಣ್ಣ ಕಡಿಮೆಯಾದರೆ ಚರ್ಮ ತಗಡಿನ ಹಾಗೆ ಬಿರುಸು, ಹೆಚ್ಚಾದರೆ ನಾರು ಸಡಿಲಾಗಿ ಮಡಿಸಿದಾಗ ಮೇಲ್ಮೈ ಸುಕ್ಕು ಬೀಳುತ್ತದೆ. ಕೈಗೆ ಗ್ಲೌಸ್ ಇರಲೇಬೇಕು. ಸಲ್ಫೈಡ್ ಇರುವ ನೀರಿಗೆ ಯಾವ ಆಮ್ಲವೂ ತಗಲಕೂಡದು. ತಗಲಿದರೆ ಏಳುವ ವಿಷಾನಿಲ ಆಳುಗಳ ಪ್ರಾಣ ತೆಗೆಯುತ್ತದೆ. ಈ ಒಂದು ವಿಷಯದಲ್ಲಿ ಹಿರಿಯರು ತೋರಿದ ಬಿಗಿ ಎಲ್ಲ ಹದದ ಮನೆಗಳಲ್ಲೂ ಇರಬೇಕಾದದ್ದು.

ಕೂದಲು ಹೆರೆದು, ಮಾಂಸದ ಪದರ ತೆಗೆದ ಮೇಲೆ ಒಳಗಿನ ಸುಣ್ಣ ಹೊರಬಂದು ಚರ್ಮ ಮೆತ್ತಗಾಗಬೇಕು. ಇಲ್ಲಿ ಪ್ರಪಂಚದ ಎಷ್ಟೋ ಊರುಗಳ ಹದಗಾರರಿಗೆ ನಾವು ಋಣಿಗಳು. ಯುರೋಪಿನಲ್ಲಿ ಶತಮಾನಗಳ ಕಾಲ ಈ ಹಂತಕ್ಕೆ ನಾಯಿಯ ಹೊಲಸು, ಹಕ್ಕಿಯ ಹಿಕ್ಕೆ ಕಲಸಿದ ಬೆಚ್ಚಗಿನ ನೀರು ಬಳಸುತ್ತಿದ್ದರು. ಮೊರಾಕ್ಕೋದ ಫೆಸ್ ನಗರದ ಚೌವಾರಾ ತೊಟ್ಟಿಗಳಲ್ಲಿ ಪಾರಿವಾಳದ ಹಿಕ್ಕೆ ಇಂದಿಗೂ ನಡೆಯುತ್ತದೆ. ಅದರಲ್ಲಿ ಕೆಲಸ ಮಾಡುವುದು ಕಿಣ್ವಗಳು. ನಾರಿನ ನಡುವಿನ ಬೇಡದ ಪ್ರೋಟೀನನ್ನು ಅವು ಕರಗಿಸಿ ಚರ್ಮವನ್ನು ರೇಷ್ಮೆಯಂತೆ ನುಣುಪಾಗಿಸುತ್ತವೆ. ಜರ್ಮನಿಯ ಓಟ್ಟೋ ರೋಮ್ 1907ರ ಸುಮಾರಿಗೆ ಇದೇ ಕೆಲಸಕ್ಕೆ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವ ತಂದು ಹದಗಾರರನ್ನು ಆ ಹೊಲಸಿನಿಂದ ಬಿಡಿಸಿದರು. ಚರ್ಮದ ಇತಿಹಾಸದಲ್ಲಿ ಕ್ರೋಮಿಯಂ ಲವಣದಿಂದ ಮಾಡುವ ಕ್ರೋಮ್ ಹದಕ್ಕೆ ಸಿಗುವಷ್ಟು ಗೌರವ ಇದಕ್ಕೂ ಸಿಗಬೇಕು ಎನ್ನುವುದು ನಮ್ಮ ಅಭಿಪ್ರಾಯ, ಏಕೆಂದರೆ ಇದು ಕೆಲಸ ಮಾಡುವ ಮನುಷ್ಯನ ಮರ್ಯಾದೆಯನ್ನು ಉಳಿಸಿತು. ಸುಣ್ಣ ಹೋಯಿತೇ ಇಲ್ಲವೇ ಎಂದು ತಿಳಿಯಲು ಕತ್ತಿನ ದಪ್ಪ ಭಾಗವನ್ನು ಕೊಯ್ದು ಕ್ಷಾರ ತಗಲಿದರೆ ಬಣ್ಣ ತೋರುವ ಫಿನಾಫ್ತಲೀನ್ ದ್ರವದ ಹನಿ ಬಿಡುವುದನ್ನು ಹೇಳಿಕೊಟ್ಟ ರಸಾಯನಶಾಸ್ತ್ರದ ಮೇಷ್ಟ್ರಿಗೂ ವಂದನೆ. ಗುಲಾಬಿ ಬಣ್ಣ ಬಂದರೆ ಸುಣ್ಣ ಇನ್ನೂ ಇದೆ. ಹಾಗೇ ತೊಗಟೆ ನೀರಿಗೆ ಹಾಕಿದರೆ ಕಪ್ಪು ಮಚ್ಚೆ ಬೀಳುತ್ತದೆ, ಮೇಲ್ಮೈ ಬಿರಿಯುತ್ತದೆ.

ಇನ್ನು ತಂಗಡಿ. ಹೊಲದ ಬದುವಿನಲ್ಲಿ, ಬೋರೆಯ ಮೇಲೆ ಹಳದಿ ಹೂ ಬಿಟ್ಟು ನಿಲ್ಲುವ ಈ ಗಿಡವನ್ನು ಮೇಕೆ ದನ ಅಷ್ಟಾಗಿ ಮುಟ್ಟುವುದಿಲ್ಲ, ಬರಕ್ಕೂ ಜಗ್ಗುವುದಿಲ್ಲ. ಮದರಾಸಿನ ಬಂದರಿನಿಂದ ಲಂಡನ್ನಿಗೆ ಹೋಗುತ್ತಿದ್ದ 'ಈಸ್ಟ್ ಇಂಡಿಯಾ' ಚರ್ಮ ಹೆಸರು ಮಾಡಿದ್ದು ಇದರ ತೊಗಟೆಯಿಂದಲೇ. ತೊಗಟೆಯಲ್ಲಿ ಚರ್ಮವನ್ನು ಹದ ಮಾಡುವ ಸಾರ, ಅಂದರೆ ಟ್ಯಾನಿನ್, ಶೇ. 18ರ ಆಸುಪಾಸು ಇದೆ, ಬಣ್ಣ ತಿಳಿ. ಚರ್ಮದೊಳಕ್ಕೆ ಬೇಗ ಇಳಿಯುತ್ತದೆ. ಕರಿಜಾಲಿ ತೊಗಟೆಯೂ ಹದ ಮಾಡುತ್ತದೆ, ಆದರೆ ಚರ್ಮ ಗಾಢ ಕಂದು, ಗಟ್ಟಿ. ಚಪ್ಪಲಿಯ ಅಟ್ಟೆಗೆ ಅದು ಚೆನ್ನ, ಚೀಲಕ್ಕೆ ತಂಗಡಿಯೇ ಚೆನ್ನ.

ತೊಗಟೆ ತಂದುಕೊಟ್ಟ ಅಕ್ಕಂದಿರು ಗಿಡವನ್ನು ಬುಡಸಮೇತ ಕೀಳಲಿಲ್ಲ. ಎರಡು ಮೂರು ವರ್ಷ ಬಲಿತ ಕೊಂಬೆಗಳನ್ನಷ್ಟೇ ಕೊಯ್ದು, ಬುಡ ಬಿಟ್ಟರು. ಬುಡದಿಂದ ಮತ್ತೆ ಚಿಗುರುತ್ತದೆ. ಹಸಿಯಿದ್ದಾಗಲೇ ಕಡ್ಡಿಯನ್ನು ಕೊಡತಿಯಿಂದ ಬಡಿದರೆ ತೊಗಟೆ ಉದ್ದುದ್ದಕ್ಕೆ ಬಿಡುತ್ತದೆ, ಒಣಗಿದರೆ ಕಚ್ಚಿಕೊಳ್ಳುತ್ತದೆ. ಬಿಡಿಸಿದ ತೊಗಟೆಯನ್ನು ಅದೇ ದಿನ ಹರಡಿ ಒಣಗಿಸಬೇಕು. ರಾಶಿ ಹಾಕಿ ಮಳೆಗೆ ಬಿಟ್ಟರೆ ಬೂಷ್ಟು ಹಿಡಿದು ಟ್ಯಾನಿನ್ ಹಾಳಾಗುತ್ತದೆ. ನೋಡಲು ತೊಗಟೆ ಹಾಗೇ ಇರುತ್ತದೆ, ತೊಟ್ಟಿಯಲ್ಲಿ ಮಾತ್ರ ಕೆಲಸ ಮಾಡುವುದಿಲ್ಲ. ಈ ಕಂತಿಗೆ ಬಂದ ಪ್ರತಿ ಮೂಟೆಯೂ ಗರಿಗರಿಯಾಗಿತ್ತು. ಅಕ್ಕಂದಿರೇ, ನಿಮ್ಮ ಕೂಲಿಯನ್ನು ತೂಕದ ಮೇಲಲ್ಲ, ತೊಗಟೆಯ ಗುಣದ ಮೇಲೆ ಲೆಕ್ಕ ಹಾಕಬೇಕು. ಮುಂದಿನ ಕಂತಿನಿಂದ ಹಾಗೆಯೇ ನಡೆಯುತ್ತದೆ.

ತೊಟ್ಟಿಯ ಕೆಲಸದ ಗುಟ್ಟು ಒಂದೇ: ತೆಳು ನೀರಿನಿಂದ ಗಟ್ಟಿ ನೀರಿಗೆ. ಹೊಸ ಚರ್ಮ ಹಳೆಯ, ಸಾರ ಕಳೆದುಕೊಂಡ ತೊಗಟೆ ನೀರಿಗೆ ಹೋಗಬೇಕು, ಹದವಾಗುತ್ತಾ ಬಂದ ಚರ್ಮ ಹೊಸ ನೀರಿಗೆ. ತೊಗಟೆ ನೀರಿನ ಗಟ್ಟಿತನ ಅಳೆಯುವ ಬಾರ್ಕೋಮೀಟರಿನಲ್ಲಿ 5, 6 ಡಿಗ್ರಿಯಿಂದ ಶುರುಮಾಡಿ 20ರವರೆಗೆ ಏರಿಸಿದರೆ ಮೇಕೆ ಚರ್ಮಕ್ಕೆ ಸಾಕು. ಆತುರಪಟ್ಟು ಮೊದಲೇ ಗಟ್ಟಿ ನೀರಿಗೆ ಅದ್ದಿದರೆ ಮೇಲ್ಪದರ ಬಿಗಿದು ಬಾಗಿಲು ಹಾಕಿಕೊಳ್ಳುತ್ತದೆ. ಕೊಯ್ದು ನೋಡಿದರೆ ನಡುವೆ ಹಸಿ ಚರ್ಮದ ಬಿಳಿ ಗೆರೆ. ಬೋರ್‌ವೆಲ್ ನೀರಿನ ಗಡಸುತನ ಟ್ಯಾನಿನ್ನನ್ನು ತಿಂದುಹಾಕುತ್ತದೆ. ನೀರಿನಲ್ಲಿ ಕಬ್ಬಿಣವಿದ್ದರೆ ಮಸಿಯಂಥ ನೀಲಿಗಪ್ಪು ಕಲೆ ಬೀಳುತ್ತದೆ. ಹಾಗಾಗಿ ತೊಗಟೆ ನೆನೆಯಲು ಮಳೆನೀರೇ ಬೇಕು, ಕಬ್ಬಿಣದ ಬಕೆಟ್ಟು, ಮೊಳೆ ಹತ್ತಿರವೂ ಬರಕೂಡದು. ತಮ್ಮ ಮನೆ ಮಾಳಿಗೆಯ ಮಳೆನೀರಿನ ತೊಟ್ಟಿಯಿಂದ ನೀರು ಕೊಟ್ಟ ನೆರೆಯವರನ್ನು ಮರೆಯಲಾರೆವು. ಕೊನೆಗೆ ಅಳಲೆಕಾಯಿ ನೀರಿನಲ್ಲಿ ಒಂದು ದಿನ. ತಂಗಡಿ ಹದದ ಚರ್ಮ ಬೆಳಕಿಗೆ ಕೆಂಪಾಗುತ್ತದೆ, ಅಳಲೆ ಅದನ್ನು ತಡೆದು ಬಣ್ಣ ತಿಳಿಗೊಳಿಸುತ್ತದೆ. ಒದ್ದೆಯಿದ್ದಾಗಲೇ ಮೇಲ್ಮೈಗೆ ತೆಳ್ಳಗೆ ಹೊಂಗೆ ಎಣ್ಣೆ ಸವರಿ ನೆರಳಲ್ಲಿ ಒಣಗಿಸಿದರೆ ಆಯಿತು.

ತೊಗಟೆಯ ಈ ಗುಣವನ್ನು ಅಳತೆಗೆ ತಂದವರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಮುಖ್ಯರು. 1803ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳಲ್ಲಿ ನಮ್ಮ ದೇಶದಿಂದ ಹೋದ ಕಾಚು ಓಕ್ ತೊಗಟೆಗಿಂತ ಎಷ್ಟೋ ಪಟ್ಟು ಬಲವಾದದ್ದು ಎಂದು ತೋರಿಸಿದರು. ಅದಕ್ಕೂ ಹಿಂದಿನವರ ಹೆಸರು ಯಾರಿಗೂ ಗೊತ್ತಿಲ್ಲ. ಅರ್ಮೇನಿಯದ ಅರೇನಿ ಗುಹೆಯಲ್ಲಿ 2008ರಲ್ಲಿ ಸಿಕ್ಕ ಜೋಡು ಸುಮಾರು 5,500 ವರ್ಷ ಹಳೆಯದು. ಒಂದೇ ತುಂಡು ದನದ ಚರ್ಮವನ್ನು ಪಾದಕ್ಕೆ ಸುತ್ತಿ ಚರ್ಮದ ದಾರದಿಂದಲೇ ಬಿಗಿದಿದ್ದಾರೆ. ನಮ್ಮ ನಾಡಿನಲ್ಲಿ ಹರಳಯ್ಯ, ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ ಎಂದು ಹೆಸರು ಉಳಿದಿರುವುದು ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಬೆಲೆಯಿಂದ. ಊರಿಗೆಲ್ಲ ಮೆಟ್ಟು, ಮಿಣಿ, ಬಾರು ಮಾಡಿಕೊಟ್ಟ ಕೇರಿಯನ್ನು ಊರಾಚೆಗೆ ಇಟ್ಟದ್ದು ಅನ್ಯಾಯ. ಈ ವಿದ್ಯೆ ನಮ್ಮ ಕೈಗೆ ಬಂದದ್ದು ಆ ಕೇರಿಯಿಂದಲೇ.

ಕ್ರೋಮ್ ಹದವನ್ನು ಹೀಗಳೆಯುವ ಮನಸ್ಸು ನಮಗಿಲ್ಲ. ಅಮೆರಿಕದ ಆಗಸ್ಟಸ್ ಶುಲ್ಟ್ಸ್ 1884ರಲ್ಲಿ ಪೇಟೆಂಟ್ ಪಡೆದ ಆ ವಿಧಾನ ವಾರಗಳ ಕೆಲಸವನ್ನು ಬಹಳ ಚಿಕ್ಕದಾಗಿಸಿತು. ಕ್ರೋಮ್ ಚರ್ಮ ಕುದಿನೀರನ್ನೂ ತಾಳುತ್ತದೆ, ತೊಗಟೆ ಹದದ್ದು 75ರಿಂದ 85 ಡಿಗ್ರಿಗೆ ಮುದುಡುತ್ತದೆ. ಮದರಾಸಿನಲ್ಲಿ ಇದನ್ನು ಬೆಳೆಸಿದ ಬ್ರಿಟಿಷ್ ಎಂಜಿನಿಯರ್ ಆಲ್ಫ್ರೆಡ್ ಚಾಟರ್ಟನ್ ಕಣ್ಣಿಟ್ಟದ್ದು ಬಾವಿಯಿಂದ ನೀರೆತ್ತುವ ತೊಗಲ ಚೀಲದ ಮೇಲೆ. ಸದಾ ನೆನೆಯುವ ಆ ಚೀಲ ತೊಗಟೆ ಹದದ್ದಾದರೆ ಬೇಗ ಕೊಳೆಯುತ್ತಿತ್ತು. ಮುಂದೆ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರೂ ಆದರು. ಕೋಲಾರ, ತುಮಕೂರಿನಲ್ಲಿ ಎತ್ತು ಹೂಡಿ ಇಂಥ ಚೀಲದಲ್ಲಿ ನೀರೆತ್ತುವ ಕಪಿಲೆ ಬಾವಿಗಳನ್ನು ಕಂಡವರಿಗೆ ಆ ಕಾಳಜಿ ಅರ್ಥವಾಗುತ್ತದೆ.

ತಮಟೆಯ ಬಳಗಕ್ಕೂ ತೊಗಲುಗೊಂಬೆಯವರಿಗೂ ವಿಶೇಷ ವಂದನೆ. ಚಿಂತಾಮಣಿ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ತಮಟೆಗೆ ಹದದ ಚರ್ಮ ಇದೆಯೇ ಎಂದು ಕೇಳುವ ಹುಡುಗರು ಹೆಚ್ಚಾಗಿದ್ದಾರೆ. ತಮಟೆಗೆ ಹದ ಬೇಡ. ಕೂದಲು ತೆಗೆದ ಹಸಿ ಚರ್ಮವೇ ಒಣಗಿದಾಗ ನಾರು ನಾರಿಗೆ ಅಂಟಿ ಬಿಗಿಯುತ್ತದೆ, ನಾದ ಬರುವುದು ಅದರಿಂದ. ತೇವಕ್ಕೆ ಸಡಿಲವಾಗುವುದರಿಂದ ಬೆಂಕಿಗೆ ಕಾಯಿಸುತ್ತಾರೆ. ಹದ ಮಾಡಿದರೆ ನಾದವೂ ಹೋಗುತ್ತದೆ, ಗೊಂಬೆಗೆ ಬೇಕಾದ ಪಾರದರ್ಶಕತೆಯೂ ಹೋಗುತ್ತದೆ.

ಹೊಲಿದ ಅಣ್ಣಂದಿರು ರಂಪಿ (ಚರ್ಮ ಕೊಯ್ಯುವ, ಹೆರೆಯುವ ಉಳಿಗತ್ತಿ) ಹಿಡಿಯುವ ರೀತಿ ನೋಡಿಯೇ ತಿಳಿಯಬೇಕು. ಮಡಿಸುವ ಅಂಚನ್ನು ಅರ್ಧ ದಪ್ಪಕ್ಕೆ ಸವರಿ, ಉಳಿಯಿಂದ ಓರೆ ತೂತು ಹಾಕಿ, ಜೇನುಮೇಣ ಹಚ್ಚಿದ ಒಂದೇ ದಾರಕ್ಕೆ ಎರಡು ತುದಿಯಲ್ಲಿ ಎರಡು ಸೂಜಿ ಪೋಣಿಸಿ ಹೊಲಿದಿದ್ದಾರೆ. ಒಂದು ಕಡೆ ದಾರ ಸವೆದು ಕಡಿದರೂ ಇನ್ನೊಂದು ಸುತ್ತು ಹಿಡಿದುಕೊಂಡಿರುತ್ತದೆ. ಮಷೀನಿನ ಹೊಲಿಗೆಗೆ ಈ ತಾಳಿಕೆ ಇಲ್ಲ.

ವಾಸನೆ ಸಹಿಸಿದ ಸುತ್ತಲಿನ ಮನೆಗಳಿಗೆ, ಕೊಳಕು ನೀರು ಎಲ್ಲಿ ಹೋಗುತ್ತದೆಂದು ಬಿಡದೆ ಕೇಳಿದ ರೈತರಿಗೆ ಕೃತಜ್ಞತೆ. ಅವರು ಕೇಳಿದ್ದು ಸರಿ. ನಂದಿ ಬೆಟ್ಟದ ಕಡೆ ಹುಟ್ಟಿ ಬೇತಮಂಗಲದ ಮೇಲೆ ಹರಿಯುವ ಪಾಲಾರ್, ಕೆಳಗೆ ವಾಣಿಯಂಬಾಡಿ, ಆಂಬೂರು, ವೆಲ್ಲೂರಿನಲ್ಲಿ ಹದದ ಕಾರ್ಖಾನೆಗಳ ನೀರಿನಿಂದ ಕೆಟ್ಟಿತು. 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದರ ಬಗ್ಗೆಯೇ. ತೊಗಟೆ ಹದವಾದ ಮಾತ್ರಕ್ಕೆ ನೀರು ಶುದ್ಧ ಎನ್ನಲಾಗದು, ಚರ್ಮಕ್ಕೆ ಹಾಕಿದ ಉಪ್ಪು ಎಲ್ಲ ಹದದಲ್ಲೂ ಒಂದೇ. ಆದ್ದರಿಂದ ನೆನೆಹಾಕುವ ಮೊದಲು ಚರ್ಮವನ್ನು ಕೊಡವಿ ಉಪ್ಪನ್ನು ಬೇರೆ ಕೂಡಿಡುವುದು, ಮೊದಲ ತೊಳೆನೀರನ್ನು ಸಿಮೆಂಟ್ ತೊಟ್ಟಿಯಲ್ಲಿ ಬಿಸಿಲಿಗೆ ಆರಿಸುವುದು ನಡೆದಿದೆ, ನಡೆಯುತ್ತದೆ. ಯಾರು ಬೇಕಾದರೂ ಬಂದು ನೋಡಬಹುದು.

ಕೊಂಡವರಿಗೆ ವಂದನೆಯ ಜೊತೆ ಒಂದಿಷ್ಟು ಮಾತು. ಚೀಲ ಮಳೆಗೆ ನೆಂದರೆ ಬಿಸಿಲಿಗೂ ಒಲೆಯ ಹತ್ತಿರಕ್ಕೂ ಇಡಬೇಡಿ. ಒಳಗೆ ಹಳೆಯ ಬಟ್ಟೆ ತುರುಕಿ ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗುವ ಮೊದಲು ಬಟ್ಟೆಯ ತುದಿಗೆ ಸ್ವಲ್ಪವೇ ಎಣ್ಣೆ ಹಚ್ಚಿಕೊಂಡು ಒರೆಸಿ. ಒದ್ದೆ ಚೀಲದಲ್ಲಿ ಕಬ್ಬಿಣದ ಬೀಗದ ಕೈ ಬಿಡಬೇಡಿ, ಕಪ್ಪು ಕಲೆ ಬಿದ್ದರೆ ಹೋಗುವುದಿಲ್ಲ. ಬೂಷ್ಟು ಕಂಡರೆ ಒಣಬಟ್ಟೆಯಲ್ಲಿ ಒರೆಸಿ ಗಾಳಿಗೆ ತೂಗುಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಹೊಲಿಗೆ ಬಿಟ್ಟರೆ ತಂದುಕೊಡಿ, ಹೊಲಿದ ಕೈಗಳೇ ರಿಪೇರಿ ಮಾಡಿಕೊಡುತ್ತವೆ.