ಸಚಿವರೇ, ಬಿಸ್ಕತ್ತಿನ ಜಾಗದಲ್ಲಿ ಏನಿಡುತ್ತೀರಿ?

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ಮಕ್ಕಳಿಗೆ ಸಿಹಿ ಪ್ಯಾಕೆಟ್ ತಿಂಡಿ ಕೊಡಬೇಡಿ ಅಂತ ನಿಮ್ಮ ಇಲಾಖೆ ಪೋಸ್ಟರ್ ಮೇಲೆ ಪೋಸ್ಟರ್ ಅಂಟಿಸುತ್ತದೆ. ಸರಿ, ಕೊಡುವುದಿಲ್ಲ. ಆದರೆ ಸಂಜೆ ಹಸಿದು ಬರುವ ಮಗುವಿನ ಕೈಗೆ ಇನ್ನೇನು ಕೊಡಬೇಕು, ಅದು ಎಲ್ಲಿ ಸುಲಭವಾಗಿ ಸಿಗುತ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ನಾನೂ ಮೋಸ ಹೋದವಳೇ. ಸುಮಾರು ದಿನ ಮಗಳ ಡಬ್ಬಿಗೆ ಓಟ್ಸ್ ಬಾರ್ ಹಾಕುತ್ತಿದ್ದೆ. ಪ್ಯಾಕೆಟ್ ಮೇಲೆ ತೆನೆ, ಜೇನುಹುಳ, ಹಸಿರು ಎಲೆ, ನೋಡಿದರೆ ಹೊಲವೇ ಡಬ್ಬಿಗೆ ಬಂದ ಹಾಗೆ. ಒಂದು ದಿನ ಕನ್ನಡಕ ಹಾಕಿಕೊಂಡು ಹಿಂದುಗಡೆ ಓದಿದೆ. ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಡೆಕ್ಸ್ಟ್ರೋಸ್, ಜೇನು, ಗಟ್ಟಿ ಮಾಡಿದ ಹಣ್ಣಿನ ರಸ. ಸಕ್ಕರೆಗೆ ಐದು ವೇಷ! ಜಾಸ್ತಿ ತೂಕದ ಪದಾರ್ಥವನ್ನು ಮೊದಲು ಬರೆಯಬೇಕು ಎನ್ನುವುದು ಬಹುತೇಕ ದೇಶಗಳ ನಿಯಮ. ಸಕ್ಕರೆಯನ್ನು ಹೀಗೆ ಬೇರೆ ಬೇರೆ ಹೆಸರಲ್ಲಿ ಹಂಚಿಬಿಟ್ಟರೆ ಯಾವುದೂ ಮೊದಲ ಸಾಲಿಗೆ ಬರುವುದಿಲ್ಲ, ಓಟ್ಸ್ ಜಂಬದಿಂದ ಮೇಲೆ ಕೂತಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ, ದಿನದ ಕ್ಯಾಲೊರಿಯಲ್ಲಿ ಇಂಥ ಸಕ್ಕರೆಯ ಪಾಲು ಶೇ 10ಕ್ಕಿಂತ ಕಮ್ಮಿ ಇರಬೇಕು, ಶೇ 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು. 2,000 ಕ್ಯಾಲೊರಿ ತಿನ್ನುವ ದೊಡ್ಡವರಿಗೆ ಶೇ 5 ಅಂದರೆ 25 ಗ್ರಾಂ, ಹೆಚ್ಚುಕಮ್ಮಿ ಆರು ಟೀ ಚಮಚ. ಚಿಕ್ಕ ಮಕ್ಕಳಿಗೆ ಅದಕ್ಕಿಂತಲೂ ಕಮ್ಮಿ. ಜೇನು, ಜ್ಯೂಸ್ ಎಲ್ಲ ಈ ಲೆಕ್ಕಕ್ಕೇ ಸೇರುತ್ತವೆ. ಇಡೀ ಹಣ್ಣು ಸೇರುವುದಿಲ್ಲ.

ಬದಲಿ ತಿಂಡಿ ಯಾರಿಗೂ ಗೊತ್ತಿಲ್ಲದ್ದಲ್ಲ ಬಿಡಿ. ಬಾಳೆಹಣ್ಣು, ಸೇಬು, ಹುರಿದ ಕಡಲೆ, ಬೇಯಿಸಿದ ಮೊಟ್ಟೆ, ಸಕ್ಕರೆ ಹಾಕದ ಮೊಸರಿಗೆ ಹೆಚ್ಚಿದ ಹಣ್ಣು, ಬಾದಾಮಿ (ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬಾದಾಮಿ, ಕಡಲೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಪುಡಿ ಮಾಡಿ ಕೊಡಬೇಕು). ಆದರೂ ಗೆಲ್ಲುವುದು ಪ್ಯಾಕೆಟ್ಟೇ, ಯಾಕೆ ಗೊತ್ತಾ? ಅದನ್ನು ತೊಳೆಯಬೇಕಾಗಿಲ್ಲ, ಹೆಚ್ಚಬೇಕಾಗಿಲ್ಲ, ಬ್ಯಾಗಿನ ತಳದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೂ ಕೊಳೆಯುವುದಿಲ್ಲ. ಹಣ್ಣಿಗೆ ನಲ್ಲಿ ಬೇಕು, ಚಾಕು ಬೇಕು, ಮೊಸರಿಗೆ ಫ್ರಿಜ್ ಬೇಕು, ಹೆಚ್ಚಿಕೊಡಲು ಒಂದು ಜೊತೆ ಕೈ ಬೇಕು. ಆ ಕೈ ಅಮ್ಮನದೇ ಅಂತ ಎಲ್ಲರೂ ಸುಮ್ನೆ ಅಂದುಕೊಂಡುಬಿಟ್ಟಿದ್ದಾರೆ, ನಿಮ್ಮ ಪೋಸ್ಟರಿನಲ್ಲೂ ನಗುತ್ತಾ ನಿಂತಿರುವುದು ಅವಳೇ ಅಲ್ವಾ?

ಶಾಲೆಗೆ ಈ ಕೆಲಸ ಕೊಡಬಹುದು. ಯುರೋಪಿಯನ್ ಒಕ್ಕೂಟ 2009ರಿಂದ ಶಾಲೆಗಳಲ್ಲಿ ಹಣ್ಣು, ತರಕಾರಿ ಹಂಚಲು ದುಡ್ಡು ಕೊಡುತ್ತಿದೆ. ಚಿಲಿ ದೇಶ 2016ರಲ್ಲಿ ಪ್ಯಾಕೆಟ್ಟಿನ ಮುಂದೆಯೇ ಎಂಟು ಮೂಲೆಯ ಕಪ್ಪು ಗುರುತು ಹಾಕಿಸಿತು, ಒಳಗೆ ಸಕ್ಕರೆ ಜಾಸ್ತಿ ಇದೆ ಅಂತ. ಆ ಗುರುತು ಇರುವ ತಿಂಡಿಯನ್ನು ಅಲ್ಲಿ ಶಾಲೆಯೊಳಗೆ ಮಾರುವಂತಿಲ್ಲ. ನನ್ನಂಥವರು ಕನ್ನಡಕ ಹುಡುಕುವ ಕೆಲಸವೂ ತಪ್ಪಿತು.

ಕಾನೂನಿಗೆ ಟೈಮ್ ಹಿಡಿಯುತ್ತದೆ, ಗೊತ್ತು. ಸರ್ಕಾರಿ ಆಸ್ಪತ್ರೆಯ ಕ್ಯಾಂಟೀನಿನ ಗುತ್ತಿಗೆಯಾದರೂ ನಿಮ್ಮ ಕೈಯಲ್ಲೇ ಇದೆಯಲ್ಲ, ಅದರಲ್ಲಿ ಒಂದು ಸಾಲು ಸೇರಿಸಿ. ದುಡ್ಡು ಕೊಡುವ ಜಾಗದ ಪಕ್ಕ, ಮಗುವಿನ ಕಣ್ಣಿನ ಎತ್ತರಕ್ಕೆ, ತೊಳೆದ ಹಣ್ಣು ಮತ್ತು ಹುರಿದ ಕಡಲೆ ಇಡಬೇಕು. ಕ್ರೀಮ್ ಬಿಸ್ಕತ್ತು ಮೇಲಿನ ಶೆಲ್ಫಿಗೆ ಹೋಗಲಿ. ಹಾಗೇ ನಿಮ್ಮ ಮುಂದಿನ ಮೀಟಿಂಗಿನಲ್ಲಿ ಟೀ ಜೊತೆ ಬರುವ ಬಿಸ್ಕತ್ತಿನ ತಟ್ಟೆ ವಾಪಸ್ ಕಳಿಸಿ ಬಾಳೆಹಣ್ಣು ತರಿಸಿ. ಅದಕ್ಕೆ ಚಾಕೂ ಬೇಡ, ಸಿಪ್ಪೆ ಹಾಕಲು ಒಂದು ಬುಟ್ಟಿ ಇದ್ದರೆ ಸಾಕು.

ಇತಿ,
ದಿನಾ ಬೆಳಿಗ್ಗೆ ಡಬ್ಬಿ ತುಂಬಿಸುವ ಒಬ್ಬ ತಾಯಿ