ಅಪ್ಪನ ಪಾಸ್‌ವರ್ಡಿನ ವಿಷಯ

ಮಾತೃಶ್ರೀ ಅಮ್ಮನಿಗೆ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಪುಟ್ಟಿಗೆ ಆಶೀರ್ವಾದ. ಚಿಕ್ಕಪ್ಪನಿಗೂ ನಮಸ್ಕಾರ ಹೇಳು, ಅವರ ಮೇಲೆ ಕೋಪದಲ್ಲಿದ್ದೇನೆ ಎಂದೂ ಹೇಳು. ಕಾರಣ ಮುಂದೆ ಬರೆದಿದ್ದೇನೆ.

ನಿನ್ನ ಪತ್ರ ತಲುಪಿತು. ನಾಲ್ಕು ಪುಟಗಳಲ್ಲಿ ಮೂರೂವರೆ ಕಂಪ್ಯೂಟರಿಗೇ ಹೋಗಿದೆ. ನೀನು ಹೇಳಬೇಕೆಂದಿದ್ದುದು ಕೊನೆಯ ಅರ್ಧ ಪುಟದಲ್ಲಿ ಹೇಗೋ ನುಸುಳಿಕೊಂಡು ಬಂದಿದೆ: ಪಾಸ್‌ವರ್ಡ್ ನೆನಪಾಗದೆ ಅಪ್ಪ ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ, ಕನ್ನಡಕ ಎಲ್ಲಿ ಎಂದು ಒಂದೇ ಬೆಳಿಗ್ಗೆ ಮೂರು ಸಲ ಕೇಳಿದರು. ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕದೆ ಮಾತನಾಡುವವಳಲ್ಲ, ಅಪ್ಪ ಪಕ್ಕದ ಕುರ್ಚಿ ಬಿಟ್ಟು ಏಳುವವರಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಅಪ್ಪನ ಲೆಕ್ಕಪತ್ರ, ಫೋಟೋ, ಅವರು ಟೈಪ್ ಮಾಡಿಟ್ಟಿರುವ ಪುಟಗಳು, ಯಾವುದೂ ಹೋಗಿಲ್ಲ. ಆ ಕಂಪ್ಯೂಟರಿನಲ್ಲಿ ಎರಡು ಖಾತೆಗಳಿವೆ. ಅಪ್ಪ ದಿನವೂ ತೆರೆಯುವುದು ಸಾಮಾನ್ಯ ಖಾತೆ. ಅದು ಈಗಲೂ ತೆರೆಯುತ್ತಿದೆ ಎಂದು ಪುಟ್ಟಿಯೇ ಬರೆದಿದ್ದಾಳೆ. ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆ, ಕಂಪ್ಯೂಟರಿಗೆ ಹೊಸದೇನನ್ನಾದರೂ ಸೇರಿಸಲು ಒಪ್ಪಿಗೆ ಕೊಡುವ ಖಾತೆ. ಹೊಸ ಪ್ರಿಂಟರ್ ಜೋಡಿಸಲು ಹೋದಾಗ ಪರದೆ ಕೇಳಿದ್ದು ಅದರ ಪಾಸ್‌ವರ್ಡನ್ನು. ಕಳೆದ ಸಲ ರಜೆಗೆ ಬಂದಾಗ ಅದನ್ನು ಬೇರೆ ಮಾಡಿಟ್ಟವನು ನಾನೇ. ಕಂಡ ಕಂಡ ತಂತ್ರಾಂಶವೆಲ್ಲ ತಾನಾಗಿ ಒಳಗೆ ಬಂದು ಕೂರಬಾರದು ಎಂಬ ಎಚ್ಚರಿಕೆಯಿಂದ ಹಾಗೆ ಮಾಡಿದೆ, ತಪ್ಪೇನೂ ಇಲ್ಲ. ಆದರೆ ಅದರ ಪಾಸ್‌ವರ್ಡನ್ನು ಅಪ್ಪನಿಗೆ ಹೇಳಿದ್ದೆನೋ ಇಲ್ಲವೋ ನನಗೇ ಸ್ಪಷ್ಟವಿಲ್ಲ. ಹೇಳಿರಲಿಲ್ಲ ಎಂದೇ ಇಟ್ಟುಕೊ. ಅಪ್ಪನಿಗೂ ಹಾಗೆಯೇ ಹೇಳು. ಹನ್ನೆರಡು ಅಕ್ಷರಗಳಿದ್ದವು ಎಂಬುದರ ಹೊರತು ನನಗೂ ಏನೂ ನೆನಪಿಲ್ಲ. ಮೂವತ್ತೆಂಟಕ್ಕೆ ನಾನು ಮರೆಯಬಹುದಾದರೆ ಅವರು ಮರೆಯಬಾರದೇ?

ಇಲ್ಲಿ ನಡೆದದ್ದನ್ನು ಕೇಳು. ಈ ದೇಶದ ಕೀಲಿಮಣೆಯಲ್ಲಿ ವೈ ಇರುವ ಜಾಗದಲ್ಲಿ ಜಡ್ ಇದೆ, ಜಡ್ ಇರುವ ಜಾಗದಲ್ಲಿ ವೈ. ಜರ್ಮನ್ ಭಾಷೆಗೆ ಜಡ್ ಹೆಚ್ಚು ಬೇಕು, ಅದಕ್ಕೇ ಕೈಗೆ ಹತ್ತಿರ ಇಟ್ಟುಕೊಂಡಿದ್ದಾರೆ. ಕೆಲಸಕ್ಕೆ ಸೇರಿದ ಮೊದಲ ವಾರ, ಬೆರಳ ಅಭ್ಯಾಸದಲ್ಲಿ, ಕೀಲಿಗಳನ್ನು ನೋಡದೆಯೇ ಪಾಸ್‌ವರ್ಡ್ ಹೊಡೆದೆ. ಪರದೆಯ ಮೇಲೆ ಕಾಣುವುದು ಬರೀ ಚುಕ್ಕಿಗಳು, ತಪ್ಪು ಎಲ್ಲಿ ಎಂದು ತಿಳಿಯುವುದು ಹೇಗೆ? ಐದಾರು ಸಲ ಹೊಡೆದ ಮೇಲೆ ಖಾತೆಯೇ ಮುಚ್ಚಿಕೊಂಡಿತು. ನನಗೇನೋ ಆಗಿದೆ ಎಂದು ನಿಜವಾಗಿಯೂ ಬೆವರಿದೆ. ಕಂಪ್ಯೂಟರ್ ವಿಭಾಗದವನ ಬಳಿ ಹೋದರೆ, ದಿನಾ ನನ್ನ ಮುಖ ನೋಡುವವನು, ಗುರುತಿನ ಚೀಟಿ ತೋರಿಸು ಎಂದ. ತೋರಿಸಿದ ಮೇಲೆ ಮಾತಿಲ್ಲದೆ ಸರಿಮಾಡಿಕೊಟ್ಟ. ಇವರ ಕ್ರಮವೇ ಹಾಗೆ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಯಾರೂ ತಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಪ್ರತಿ ಯಂತ್ರಕ್ಕೂ ಒಂದೊಂದು, ಮೂವತ್ತು ದಿನಕ್ಕೊಮ್ಮೆ ಅದು ತಾನಾಗಿಯೇ ಬದಲಾಗುತ್ತದೆ. ಮೇಲಧಿಕಾರಿಗೂ ಗೊತ್ತಿರುವುದಿಲ್ಲ, ಅದರಿಂದ ಆತನ ಮರ್ಯಾದೆಯೇನೂ ಹೋಗಿಲ್ಲ.

ಇಷ್ಟುದ್ದ ಹೇಳಿದ್ದಕ್ಕೆ ಕಾರಣವಿದೆ. ಅಪ್ಪ ಕನ್ನಡದಲ್ಲಿ ಟೈಪ್ ಮಾಡುತ್ತಾರಲ್ಲ, ಕೀಲಿಮಣೆ ಕನ್ನಡದಲ್ಲಿಯೇ ಉಳಿದಿದ್ದರೆ ಸರಿಯಾದ ಪಾಸ್‌ವರ್ಡ್ ಕೂಡ ತಪ್ಪಾಗುತ್ತದೆ. ಲಾಗಿನ್ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಯಾವ ಭಾಷೆ ಇದೆ ಎಂದು ಪುಟ್ಟಿ ನೋಡಲಿ. ವಿಂಡೋಸ್ ಕೀಲಿಯನ್ನು ಒತ್ತಿಹಿಡಿದು ಸ್ಪೇಸ್ ಒತ್ತಿದರೆ ಅದು ಬದಲಾಗುತ್ತದೆ. ಕ್ಯಾಪ್ಸ್ ಲಾಕ್ ದೀಪವನ್ನೂ ನೋಡಲಿ. ಪಾಸ್‌ವರ್ಡ್ ಪೆಟ್ಟಿಗೆಯ ಕೊನೆಯಲ್ಲಿ ಕಣ್ಣಿನ ಗುರುತು ಇರುತ್ತದೆ, ಅದನ್ನು ಒತ್ತಿದರೆ ಚುಕ್ಕಿಗಳ ಬದಲು ಅಕ್ಷರಗಳೇ ಕಾಣುತ್ತವೆ.

ಅದರಿಂದಲೂ ಆಗದಿದ್ದರೆ ಅಪ್ಪನನ್ನೇ ಕರೆದು ಕೂರಿಸಿ. ಲಾಗಿನ್ ಪರದೆಯಲ್ಲಿ ಆ ಎರಡನೆಯ ಖಾತೆಯನ್ನು ಆರಿಸಿ, ಏನಾದರೊಂದು ತಪ್ಪು ಪಾಸ್‌ವರ್ಡ್ ಹೊಡೆಯಬೇಕು. ತಪ್ಪೆಂದು ಹೇಳಿದ ಮೇಲೆ ಪೆಟ್ಟಿಗೆಯ ಕೆಳಗೆ ‘ರಿಸೆಟ್ ಪಾಸ್‌ವರ್ಡ್’ ಎಂದು ಬರುತ್ತದೆ. 2018ರ ನಂತರದ ವಿಂಡೋಸ್‌ನಲ್ಲಿ ಈ ಸೌಲಭ್ಯವಿದೆ. ಅದನ್ನು ಒತ್ತಿದರೆ, ಖಾತೆ ಮಾಡುವಾಗ ಆರಿಸಿಕೊಂಡಿದ್ದ ಮೂರು ಪ್ರಶ್ನೆಗಳನ್ನು ಕೇಳುತ್ತದೆ. ಆರಿಸಿದವನು ನಾನು, ಉತ್ತರ ಹೇಳಿದವರು ಅಪ್ಪ. ಮೊದಲು ಓದಿದ ಶಾಲೆಯ ಹೆಸರು ಒಂದು. ತಂದೆತಾಯಿ ಭೇಟಿಯಾದ ಊರು ಇನ್ನೊಂದು. ಅಜ್ಜ ಅಜ್ಜಿ ಭೇಟಿಯಾದದ್ದು ಎಲ್ಲಿ ಎಂದು ಅವತ್ತು ಅಪ್ಪ ಹತ್ತು ನಿಮಿಷ ಯೋಚಿಸಿದ್ದರು, ನೀನು ಒಳಗಿನಿಂದಲೇ ನಕ್ಕಿದ್ದೆ, ನೆನಪಿದೆಯೇ? ಮೂರನೆಯದು ಚಿಕ್ಕಂದಿನ ಅಡ್ಡಹೆಸರು. ಅದನ್ನು ಅವರು ಜೋರಾಗಿ ಹೇಳಲಿಲ್ಲ, ನನ್ನನ್ನು ಆಚೆ ತಿರುಗು ಎಂದು ತಾವೇ ಟೈಪ್ ಮಾಡಿದರು. ಹಾಗಾಗಿ ಈ ಬೀಗ ತೆಗೆಯುವುದು ಅವರೊಬ್ಬರಿಂದಲೇ ಸಾಧ್ಯ. ಇಂಗ್ಲಿಷ್ ಕಾಗುಣಿತ ಮಾತ್ರ ಅವತ್ತಿನಂತೆಯೇ ಇರಬೇಕು. ಒಂದು ಎಚ್ ಹೆಚ್ಚೋ ಕಡಿಮೆಯೋ ಆಗಿದ್ದರೆ ಎರಡೂ ರೀತಿಯಲ್ಲಿ ಬರೆದು ನೋಡಲಿ.

ನಾನೇ ಇಲ್ಲಿಂದ ಮಾಡಿಕೊಡಬಾರದೇ ಎಂದು ಕೇಳಿದ್ದೀಯೆ. ದೂರದಿಂದ ನೋಡುವ ಕ್ವಿಕ್ ಅಸಿಸ್ಟ್ ಇದೆ, ಆದರೆ ಅಪ್ಪನ ಖಾತೆಯಿಂದ ಹೊರಬಂದ ಕೂಡಲೇ ಸಂಪರ್ಕ ಕಡಿದುಹೋಗುತ್ತದೆ, ಲಾಗಿನ್ ಪರದೆ ನನಗೆ ಕಾಣುವುದಿಲ್ಲ. ಹಳೆಯ ಪಾಸ್‌ವರ್ಡನ್ನು ಒಳಗಿನಿಂದ ಹುಡುಕಿ ತೆಗೆಯುವಂತೆಯೂ ಇಲ್ಲ. ಕಂಪ್ಯೂಟರ್ ಅದನ್ನು ಹಾಗೆಯೇ ಇಟ್ಟುಕೊಂಡಿರುವುದಿಲ್ಲ, ಅರೆದು ಪುಡಿಮಾಡಿದ ಒಂದು ಗುರುತನ್ನಷ್ಟೇ ಇಟ್ಟುಕೊಳ್ಳುತ್ತದೆ. ಹಿಟ್ಟಿನಿಂದ ಕಾಳು ಮರಳಿ ಬರುತ್ತದೆಯೇ?

ಈಗ ಚಿಕ್ಕಪ್ಪನ ವಿಷಯ. ರಿಪೇರಿಯವರಿಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸಿಬಿಡೋಣ ಎಂದರಂತೆ. ಒಂದು ಪ್ರಿಂಟರಿಗಾಗಿ ಅಪ್ಪನ ಹನ್ನೆರಡು ವರ್ಷದ ಲೆಕ್ಕ ಅಳಿಸುವುದೇ? ಅವರು ವಿಡಿಯೋದಲ್ಲಿ ನೋಡಿದ ಇನ್ನೊಂದು ಉಪಾಯ, ಲಾಗಿನ್ ಪರದೆಯ ಒಂದು ಫೈಲನ್ನು ಬದಲಿಸಿ ಒಳನುಗ್ಗುವುದು, ಸುಳ್ಳಲ್ಲ. ಆದರೆ ಡಿಸ್ಕಿಗೆ ಬಿಟ್‌ಲಾಕರ್, ಅಂದರೆ ಒಳಗಿರುವುದನ್ನೆಲ್ಲ ಗುಪ್ತಲಿಪಿಯಲ್ಲಿಡುವ ವಿಂಡೋಸ್‌ನ ಬೀಗ, ಹಾಕಿದ್ದರೆ ದಾರಿಯಲ್ಲಿಯೇ 48 ಅಂಕಿಗಳ ಕೀಲಿ ಕೇಳುತ್ತದೆ. ಹಾಕಿರದಿದ್ದರೂ, ಅಂಥ ಕೆಲಸವನ್ನು ಈಗಿನ ವಿಂಡೋಸ್ ವೈರಸ್ ಎಂದೇ ಹಿಡಿಯಬಹುದು. ಹೀಗೆ ಬಲವಂತದಿಂದ ಪಾಸ್‌ವರ್ಡ್ ಬದಲಿಸಿದರೆ ಆ ಖಾತೆಯಲ್ಲಿ ಉಳಿಸಿಟ್ಟ ಬೇರೆ ಪಾಸ್‌ವರ್ಡುಗಳು ಕೈಗೆ ಸಿಗದೆ ಹೋಗುತ್ತವೆ. ಪ್ರಶ್ನೆಗಳಿಗೆ ಉತ್ತರ ಕೊಟ್ಟು ನೋಡುವವರೆಗೆ ಯಾರೂ ಯಂತ್ರ ಮುಟ್ಟುವುದು ಬೇಡ.

ಒಳಗೆ ಹೋದ ಮೇಲೆ ಪುಟ್ಟಿ ತನ್ನ ಹೆಸರಿನಲ್ಲೂ ಒಂದು ಅಡ್ಮಿನಿಸ್ಟ್ರೇಟರ್ ಖಾತೆ ಮಾಡಿಡಲಿ. ಒಂದು ಪೆನ್‌ಡ್ರೈವಿನಲ್ಲಿ ಪಾಸ್‌ವರ್ಡ್ ರಿಸೆಟ್ ಡಿಸ್ಕ್, ಅಂದರೆ ಮರೆತಾಗ ಹೊಸ ಪಾಸ್‌ವರ್ಡ್ ಇಡಲು ಬಿಡುವ ಕೀಲಿ, ಮಾಡಿ ಬೀರುವಿನಲ್ಲಿಡಲಿ. ಮುಂದೆ ಪಾಸ್‌ವರ್ಡ್ ಎಷ್ಟು ಸಲ ಬದಲಾದರೂ ಅದೇ ಡಿಸ್ಕ್ ನಡೆಯುತ್ತದೆ. ಹೊಸ ಪಾಸ್‌ವರ್ಡನ್ನು ಡೈರಿಯಲ್ಲಿಯೂ ಬರೆದಿಡಿ. ಬರೆಯಬಾರದು ಎಂದು ಉಪದೇಶ ಮಾಡುವವರು ಬಂದು ನಿಮ್ಮ ಪ್ರಿಂಟರ್ ಜೋಡಿಸಿಕೊಡುವುದಿಲ್ಲ.

ಇಲ್ಲಿಂದ ಮುಂದಿನದನ್ನು ಅಪ್ಪನಿಗೆ ಓದಿ ಹೇಳಬೇಡ. ಅವರಿಗೆ ಏನೂ ಆಗಿಲ್ಲ. ಏನೂ ಆಗಿಲ್ಲ ಎಂದು ನನಗೆ ಖಾತ್ರಿಯಿದೆ. ನಮ್ಮೆಲ್ಲರ ಫೋನ್ ನಂಬರ್ ಬಾಯಿಪಾಠ ಇರುವವರಿಗೆ ಏನಾಗಲು ಸಾಧ್ಯ? ಆದರೂ ಈ ತಿಂಗಳ ಬಿ.ಪಿ. ತಪಾಸಣೆಗೆ ಹೋದಾಗ, ರಕ್ತ ಕೊಡುವುದು ಹೇಗೂ ಇದ್ದೇ ಇದೆ, ಅದರ ಜೊತೆಯಲ್ಲಿ ವಿಟಮಿನ್ ಬಿ12 ಮತ್ತು ಥೈರಾಯ್ಡ್ ಕೂಡ ನೋಡಲು ಹೇಳು. ಅವು ಏರುಪೇರಾದರೂ ಮರೆವು ಬರುತ್ತದೆ, ಔಷಧಿಗೆ ಸರಿಹೋಗುತ್ತದೆ. ಕನ್ನಡಕದ ಸಂಗತಿಯನ್ನೂ ಡಾಕ್ಟರಿಗೆ ತಿಳಿಸು. ಅಪ್ಪನ ಎದುರಿಗೆ ಬೇಡ. ನೀನು ಗಾಬರಿಯಾಗಬೇಡ, ನಾನಂತೂ ಆಗಿಲ್ಲ. ರಜೆಗೆ ಅರ್ಜಿ ಕೊಟ್ಟಿದ್ದೇನೆ, ಅದು ಸುಮ್ಮನೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಬಸ್ಸಿನ ಹೊತ್ತಾಯಿತು, ಇಲ್ಲಿ ಒಂದು ನಿಮಿಷವೂ ಕಾಯುವುದಿಲ್ಲ. ಉಳಿದದ್ದು ಮುಂದಿನ ಪತ್ರದಲ್ಲಿ. ಆ ಮೂರನೆಯ ಉತ್ತರವನ್ನು ಅಪ್ಪ ತಡವರಿಸದೆ ಟೈಪ್ ಮಾಡಿದರೇ ಎಂದು ಪುಟ್ಟಿಗೆ ಬರೆಯಲು ಹೇಳು. ಕನ್ನಡಕ ಸಿಕ್ಕಿತೇ?

ನಿನ್ನ ಮಗ